ನೆರೆಸಂಖ್ಯೆಯ ಸಾಕ್ಷಿ

170141183460469231731687303715884105727. ಮೂವತ್ತೊಂಬತ್ತು ಅಂಕೆಗಳ ಈ ಸಂಖ್ಯೆ ಅವಿಭಾಜ್ಯ. 1ನ್ನೂ ತನ್ನನ್ನೂ ಬಿಟ್ಟರೆ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಇನ್ನೊಂದಿಲ್ಲ. 1876ರಲ್ಲಿ ಇದನ್ನು ಸಾರಿದವರು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ. ಅವರ ಬಳಿ ಇದ್ದದ್ದು ಕಾಗದ, ಶಾಯಿ ಮತ್ತು ತಾಳ್ಮೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ನೋಡಲು ಶಾಲೆಯಲ್ಲಿ ಕಲಿಯುವ ದಾರಿ ಎಲ್ಲರಿಗೂ ಗೊತ್ತು: 2, 3, 5, 7, 11 ಎಂದು ಒಂದೊಂದರಿಂದಲೂ ಭಾಗಿಸುತ್ತ ಅದರ ವರ್ಗಮೂಲದವರೆಗೆ ಹೋಗಬೇಕು, ಅಷ್ಟರೊಳಗೆ ಯಾವುದೂ ಭಾಗಿಸದಿದ್ದರೆ ಅದು ಅವಿಭಾಜ್ಯ. ಈ ಸಂಖ್ಯೆಯ ವರ್ಗಮೂಲವೇ ಸುಮಾರು 13ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರವನ್ನು ಕೂರಿಸಿದರೂ ಅಲ್ಲಿಯವರೆಗಿನ ಎಲ್ಲ ಸಂಖ್ಯೆಗಳನ್ನು ಮುಗಿಸಲು ನಾನೂರು ವರ್ಷ ಬೇಕು. ಲ್ಯೂಕಾ ಆ ದಾರಿ ಹಿಡಿಯಲೇ ಇಲ್ಲ. ಅವರ ಸಾಧನೆ ಒಂದೇ ಒಂದು ಭಾಜಕದ ಹುಡುಕಾಟವನ್ನೂ ಬೇಡಲಿಲ್ಲ. ಅವರು ನೋಡಿದ್ದು ಈ ಸಂಖ್ಯೆಯ ಪಕ್ಕದ ಸಂಖ್ಯೆಯನ್ನು. ಈ ಅಧ್ಯಾಯದಲ್ಲಿ ನಾನು ವಾದಿಸಹೊರಟಿರುವುದೂ ಅದನ್ನೇ: ದೊಡ್ಡ ಸಂಖ್ಯೆಯೊಂದು ಅವಿಭಾಜ್ಯ ಎಂಬ ಖಚಿತ ತಿಳಿವಳಿಕೆ ನಮಗೆ ಬರುವುದು ಅದನ್ನು ಒಡೆಯಲು ಹೋಗಿ ಸೋತುದರಿಂದಲ್ಲ, ಅದರ ನೆರೆಯಲ್ಲಿರುವ ಸಂಖ್ಯೆಯನ್ನು ಒಡೆಯುವುದರಲ್ಲಿ ಗೆದ್ದುದರಿಂದ. ನೆರೆಯವರು ಸಾಕ್ಷಿ ಹೇಳಿದಾಗ ಮಾತ್ರ ಸಂಖ್ಯೆಯ ಗುಣ ತೀರ್ಮಾನವಾಗುತ್ತದೆ.

ಆ ಮೂವತ್ತೊಂಬತ್ತು ಅಂಕೆಗಳನ್ನು ಚಿಕ್ಕದಾಗಿ 2¹²⁷ − 1 ಎಂದು ಬರೆಯಬಹುದು. ಅದಕ್ಕೆ 1 ಕೂಡಿಸಿದರೆ ಬರುವುದು 2¹²⁷. 2ರ ಹೊರತು ಬೇರೆ ಅಪವರ್ತನವೇ ಇಲ್ಲದ, ಸಂಪೂರ್ಣವಾಗಿ ಒಡೆದು ಮುಂದಿಟ್ಟಂತಿರುವ ಸಂಖ್ಯೆ. 2ರ ಯಾವುದೋ ಘಾತಕ್ಕಿಂತ 1 ಕಡಿಮೆ ಇರುವ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಫ್ರಾನ್ಸಿನ ಪಾದ್ರಿ ಮಾರೆಂ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟರು: ಘಾತಾಂಕ 257ರವರೆಗೆ ಹೋದರೆ 2, 3, 5, 7, 13, 17, 19, 31, 67, 127, 257 ಇವಿಷ್ಟಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತದೆ ಎಂದು. ಘಾತಾಂಕವೇ ಅವಿಭಾಜ್ಯವಾಗಿರಬೇಕು ಎಂಬುದು ಸುಲಭವಾಗಿ ತೋರಿಸಬಹುದಾದ ನಿಯಮ. ಆದರೆ ಅಷ್ಟೇ ಸಾಲದು, 11 ಅವಿಭಾಜ್ಯವಾದರೂ 2¹¹ − 1, ಅಂದರೆ 2047, 23 ಮತ್ತು 89ರ ಗುಣಲಬ್ಧ. ಮರ್ಸೆನ್ ಪಟ್ಟಿಯಲ್ಲಿ ಐದು ತಪ್ಪುಗಳಿದ್ದವೆಂದು ಕಾಲಾನಂತರ ಗೊತ್ತಾಯಿತು: 67 ಮತ್ತು 257 ಅಲ್ಲಿರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. ಮುನ್ನೂರು ವರ್ಷಗಳ ಗಣಿತಕ್ಕೆ ಕೆಲಸ ಕೊಟ್ಟ ಪಟ್ಟಿ ಅದು. ಅದನ್ನು ಪೂರ್ತಿ ಪರಿಶೀಲಿಸಲು ಹೊರಟವರೆಲ್ಲ, ಭಾಗಾಕಾರದಿಂದ ಈ ಕೆಲಸ ಮುಗಿಯದು ಎಂಬ ಗೋಡೆಗೆ ಬಂದು ನಿಂತರು.

ಆ ಗೋಡೆಯನ್ನು ಸ್ವಲ್ಪ ಆಚೆಗೆ ತಳ್ಳಿದವರು ಆಯ್ಲರ್. 2³¹ − 1, ಅಂದರೆ 2147483647, ಅವಿಭಾಜ್ಯವೆಂದು 1772ರಲ್ಲಿ ಅವರು ತೋರಿಸಿಕೊಟ್ಟರು. ಇದರ ವರ್ಗಮೂಲ 46340ಕ್ಕಿಂತ ಕೊಂಚ ಹೆಚ್ಚು. ಅಷ್ಟರೊಳಗೆ ಸುಮಾರು 4800 ಅವಿಭಾಜ್ಯಗಳಿವೆ. ಅವೆಲ್ಲವನ್ನೂ ಪರೀಕ್ಷಿಸಬೇಕಿಲ್ಲ ಎಂಬುದು ಆಯ್ಲರ್ ಕಂಡ ಸಂಗತಿ. ಇದಕ್ಕೆ ಭಾಜಕ ಇದ್ದದ್ದೇ ಆದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಲೇಬೇಕು ಎಂದು ಅವರು ಸಾಧಿಸಿದರು. ಅಲ್ಲಿಗೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 84ಕ್ಕೆ ಇಳಿದವು. ಇದೇ ಉಪಾಯವನ್ನು 2¹²⁷ − 1ಕ್ಕೆ ಹಚ್ಚಿದರೆ ಭಾಜಕಗಳ ಗುಂಪು ಸುಮಾರು ಐನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಮೇಲೆ ಹೇಳಿದ ನಾನೂರು ವರ್ಷ ಹತ್ತು ತಿಂಗಳಿಗೆ ಇಳಿಯುತ್ತದೆ. ಹಾಗಾದರೆ ಇಂದಿನ ಯಂತ್ರಗಳ ಮುಂದೆ ಭಾಗಾಕಾರವೇ ಸಾಕಲ್ಲ, ನೆರೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮೂವತ್ತೊಂಬತ್ತು ಅಂಕೆಗಳಿಗೆ ಸಾಕು, ನಿಜ. ಆದರೆ ಮರ್ಸೆನ್ ಸಂಖ್ಯೆಗಳಲ್ಲಿ ಇದಾದ ಮೇಲಿನ ಅವಿಭಾಜ್ಯ 2⁵²¹ − 1, 157 ಅಂಕೆಗಳದ್ದು. ಅದರ ವರ್ಗಮೂಲಕ್ಕೆ 79 ಅಂಕೆ. ಅಲ್ಲಿ ಐನೂರರ ಬದಲು ಎರಡು ಸಾವಿರದಲ್ಲಿ ಒಂದು ಪಾಲಿಗೆ ಕುಗ್ಗಿಸಿದರೂ ಏನೂ ಉಳಿತಾಯವಾಗುವುದಿಲ್ಲ; ಭೂಮಿಯ ಮೇಲಿನ ಎಲ್ಲ ಯಂತ್ರಗಳನ್ನೂ ಹಚ್ಚಿದರೂ ವಿಶ್ವದ ಈವರೆಗಿನ ಆಯಸ್ಸು ಸಾಲದು. ಆದರೂ 1952ರ ಜನವರಿ 30ರಂದು ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಮು, ಲಾಸ್ ಏಂಜಲಿಸ್‌ನಲ್ಲಿದ್ದ ಸ್ವಾಕ್ ಎಂಬ ಆರಂಭಕಾಲದ ಗಣಕದಲ್ಲಿ, ಆ ಸಂಖ್ಯೆ ಅವಿಭಾಜ್ಯವೆಂದು ತೀರ್ಮಾನಿಸಿತು. ಯಂತ್ರದ ವೇಗ ಇದಕ್ಕೆ ಕಾರಣವಲ್ಲ. ವಿಧಾನವೇ ಬೇರೆ.

ಆ ವಿಧಾನದ ತಿರುಳನ್ನು ಹಿಡಿಯಲು 17ರಂಥ ಪುಟ್ಟ ಸಂಖ್ಯೆಯೇ ಸಾಕು. 3ನ್ನು ಮತ್ತೆ ಮತ್ತೆ ತನ್ನಿಂದಲೇ ಗುಣಿಸುತ್ತ, ಪ್ರತಿ ಸಲವೂ 17ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳೋಣ. 3, 9, 10, 13, 5, 15, 11, 16, 14, 8, 7, 4, 12, 2, 6, 1. ಹದಿನಾರು ಹೆಜ್ಜೆಗಳಲ್ಲಿ 1ರಿಂದ 16ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದುಹೋದವು. ಈಗ 17ಕ್ಕೆ ಯಾವುದೋ ಭಾಜಕ ಇದೆ ಎಂದುಕೊಳ್ಳಿ. ಅದೂ 17ಕ್ಕಿಂತ ಚಿಕ್ಕದಾದ್ದರಿಂದ ಈ ಸಾಲಿನಲ್ಲಿ ಎಲ್ಲೋ ಬಂದಿರಬೇಕು. ಆದರೆ ಸಾಲಿನ ಒಂದು ಪದ ಆ ಭಾಜಕದಿಂದ ಭಾಗವಾಗುತ್ತದೆಂದರೆ ಅದರ ಮುಂದಿನ ಪದಗಳೆಲ್ಲವೂ ಅದರಿಂದಲೇ ಭಾಗವಾಗಬೇಕು. ಕೊನೆಯ ಪದವಾದ 1 ಕೂಡ. ಅದು ಅಸಾಧ್ಯ. ಆದ್ದರಿಂದ 17 ಅವಿಭಾಜ್ಯ. ಇಲ್ಲಿ 17ನ್ನು ಭಾಗಿಸಲು ನಾವು ಪ್ರಯತ್ನಿಸಲೇ ಇಲ್ಲ. ಇನ್ನೂ ಮುಖ್ಯವಾದದ್ದು, ಹದಿನಾರು ಪದಗಳನ್ನೂ ಬರೆಯುವ ಅಗತ್ಯವೂ ಇರಲಿಲ್ಲ. ಹದಿನಾರನೆಯ ಹೆಜ್ಜೆಯಲ್ಲಿ 1 ಬಂದಿದೆ ಎಂದು ಗೊತ್ತಾದರೆ, ಸಾಲು ಮೊದಲ ಬಾರಿಗೆ 1ಕ್ಕೆ ಬರುವ ಹೆಜ್ಜೆಯ ಎಣಿಕೆ 16ರ ಭಾಜಕವೇ ಆಗಿರಬೇಕು. 16ನ್ನು ಬಿಟ್ಟರೆ ಅದರ ಭಾಜಕಗಳಾದ 1, 2, 4, 8 ಎಲ್ಲವೂ 8ನ್ನು ಭಾಗಿಸುತ್ತವೆ. ಎಂಟನೆಯ ಹೆಜ್ಜೆಯಲ್ಲಿ ಬಂದದ್ದು 16, 1 ಅಲ್ಲ. ಹಾಗಾಗಿ ಸಾಲಿನ ಉದ್ದ 16ಕ್ಕೆ ಕಡಿಮೆ ಇರಲಾರದು. ಎಂಟನೆಯ ಹೆಜ್ಜೆಗೆ ಹೋಗಲು ಎಂಟು ಗುಣಾಕಾರವೂ ಬೇಡ: ಮೂರನ್ನು ಮೂರು ಸಲ ವರ್ಗ ಮಾಡಿದರಾಯಿತು. ಇಷ್ಟೆಲ್ಲ ಸಾಧ್ಯವಾದದ್ದು ಏಕೆಂದರೆ, 17ರ ನೆರೆಯಾದ 16ರ ಅಪವರ್ತನಗಳು ನಮಗೆ ಪೂರ್ತಿ ಗೊತ್ತಿದ್ದವು.

ಹೀಗೆ ಕೆಳಗಿನ ನೆರೆಯನ್ನು ಒಡೆದು ಸಾಧಿಸುವ ಕ್ರಮವನ್ನು ರೂಪಿಸಿದವರು ಲ್ಯೂಕಾ. ಮರ್ಸೆನ್ ಸಂಖ್ಯೆಗಳಲ್ಲಿ ಪೂರ್ತಿ ಒಡೆದು ನಿಂತಿರುವುದು ಮೇಲಿನ ನೆರೆ. ಅದನ್ನು ಸಾಕ್ಷಿಗೆ ಕರೆಯಲು ಪೂರ್ಣಾಂಕಗಳಷ್ಟೇ ಸಾಲವು, 3ರ ವರ್ಗಮೂಲವನ್ನೂ ಜೊತೆಗೆ ಸೇರಿಸಿಕೊಳ್ಳಬೇಕು. 2 + √3 ಎಂಬ ಸಂಖ್ಯೆಯನ್ನೂ ಅದರ ಜೋಡಿಯಾದ 2 − √3ನ್ನೂ ತೆಗೆದುಕೊಳ್ಳಿ. ಇವೆರಡರ ಮೊತ್ತ 4, ಗುಣಲಬ್ಧ 1. ಎರಡನ್ನೂ ವರ್ಗ ಮಾಡಿ ಕೂಡಿಸಿದರೆ 14. ಮತ್ತೆ ವರ್ಗ ಮಾಡಿ ಕೂಡಿಸಿದರೆ 194. ಗುಣಲಬ್ಧ 1 ಆಗಿರುವುದರಿಂದ ಪ್ರತಿ ಹೊಸ ಮೊತ್ತವೂ ಹಳೆಯ ಮೊತ್ತದ ವರ್ಗಕ್ಕಿಂತ 2 ಕಡಿಮೆ. ವರ್ಗಮೂಲದ ಚಿಹ್ನೆ ಲೆಕ್ಕದಿಂದ ಮಾಯವಾಗಿ ಒಂದು ಸರಳ ನಿಯಮ ಉಳಿಯುತ್ತದೆ: 4ರಿಂದ ಹೊರಡಿ, ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ಅಲ್ಲ. ಈ ಅಚ್ಚುಕಟ್ಟಾದ ರೂಪ ಕೊಟ್ಟವರು ಅಮೆರಿಕದ ಡೆರಿಕ್ ಹೆನ್ರಿ ಲೆಮರ್, 1930ರಲ್ಲಿ. ಲ್ಯೂಕಾ 2¹²⁷ − 1ಕ್ಕೆ ಬಳಸಿದ್ದು ಇದೇ ನಿಯಮದ, ಆದರೆ 3ರಿಂದ ಹೊರಡುವ ಸಾಲನ್ನು. 127ಕ್ಕೆ, ಅಂದರೆ 2⁷ − 1ಕ್ಕೆ, ಓದುಗರು ತಾವೇ ಲೆಕ್ಕ ಹಾಕಬಹುದು: 4, 14, 67, 42, 111, 0. ಐದು ಹೆಜ್ಜೆಗೆ ಸೊನ್ನೆ. 2047ಕ್ಕೆ ಇದನ್ನೇ ಮಾಡಿದರೆ ಒಂಬತ್ತು ಹೆಜ್ಜೆಯ ಕೊನೆಗೆ 1736 ಉಳಿಯುತ್ತದೆ. 23 ಆಗಲಿ 89 ಆಗಲಿ ಎಲ್ಲೂ ಕಾಣಿಸದೆಯೇ ಅದು ಅವಿಭಾಜ್ಯವಲ್ಲವೆಂದು ತೀರ್ಮಾನವಾಗುತ್ತದೆ.

ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯವೇ ಆಗಿರಬೇಕು ಏಕೆ? ಇದರ ಉತ್ತರ ನನಗೆ ಗಣಿತದ ಅತಿ ಸುಂದರ ವಾದಗಳಲ್ಲೊಂದಾಗಿ ಕಾಣುತ್ತದೆ. ಸೊನ್ನೆ ಬಂತೆಂದರೆ 2 + √3ನ ಘಾತಗಳ ಸಾಲು ಅರ್ಧ ದಾರಿಯಲ್ಲಿ −1ನ್ನು ಮುಟ್ಟಿದೆ ಎಂದರ್ಥ. ಅಲ್ಲಿಂದ ಅಷ್ಟೇ ದೂರ ನಡೆದರೆ 1. ಮೇಲಿನ ನೆರೆ ಬರಿಯ 2ರ ಘಾತವಾದ್ದರಿಂದ, 17ರಲ್ಲಿ ಕಂಡ ತರ್ಕದಂತೆಯೇ, ಸಾಲಿನ ಉದ್ದ ಆ ನೆರೆಗೆ ಸರಿಸಮ, ಒಂದೂ ಕಡಿಮೆಯಲ್ಲ. ಈಗ ನಮ್ಮ ಸಂಖ್ಯೆ ಅವಿಭಾಜ್ಯವಲ್ಲ, ಅದಕ್ಕೊಂದು ಅವಿಭಾಜ್ಯ ಭಾಜಕ ಇದೆ ಎಂದುಕೊಳ್ಳೋಣ. ಅತಿ ಚಿಕ್ಕದನ್ನು ಆರಿಸಿದರೆ ಅದರ ವರ್ಗ ನಮ್ಮ ಸಂಖ್ಯೆಯನ್ನು ಮೀರುವುದಿಲ್ಲ. ಎಲ್ಲ ಲೆಕ್ಕವನ್ನೂ ಆ ಭಾಜಕದ ಶೇಷಗಳಲ್ಲಿ ಮತ್ತೆ ಮಾಡಿದರೂ ಸಾಲಿನ ಉದ್ದ ಬದಲಾಗದು. ಅರ್ಧ ದಾರಿಯ −1 ಅಲ್ಲಿಯೂ −1 ಆಗಿಯೇ ಇರುತ್ತದೆ. ಆದರೆ ಆ ಶೇಷಗಳ ಲೋಕದಲ್ಲಿ, √3 ಸೇರಿಸಿಕೊಂಡರೂ, ಇರುವ ಸಂಖ್ಯೆಗಳು ಭಾಜಕದ ವರ್ಗದಷ್ಟೇ. ಸಾಲಿನಲ್ಲಿ ಬರುವ ಬೇರೆ ಬೇರೆ ಸಂಖ್ಯೆಗಳು ಅದಕ್ಕಿಂತ ಹೆಚ್ಚು. ಅಷ್ಟು ಸಂಖ್ಯೆಗಳಿಗೆ ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ಅಂಥ ಭಾಜಕ ಇರಲಾರದು. ನೂರಿಪ್ಪತ್ತೈದು ಹೆಜ್ಜೆಗಳ ಲೆಕ್ಕ, ಮೇಲೆ ಈ ಎಣಿಕೆಯ ವಾದ. ಇಷ್ಟರಿಂದ ಹತ್ತೊಂಬತ್ತು ಸೊನ್ನೆಗಳಷ್ಟು ಭಾಜಕಗಳನ್ನು ಒಂದೇ ಏಟಿಗೆ ತಳ್ಳಿಹಾಕಿದಂತಾಯಿತು. ಲೆಕ್ಕವೂ ಸುಲಭ. ದ್ವಿಮಾನ ಪದ್ಧತಿಯಲ್ಲಿ 2¹²⁷ − 1 ಎಂದರೆ ಸಾಲಾಗಿ 127 ಒಂದುಗಳು. ಅದರಿಂದ ಭಾಗಿಸಿ ಶೇಷ ತೆಗೆಯಲು ನಿಜವಾದ ಭಾಗಾಕಾರ ಬೇಡ, ದೊಡ್ಡ ಸಂಖ್ಯೆಯನ್ನು 127 ಅಂಕೆಗಳ ತುಂಡುಗಳಾಗಿ ಕತ್ತರಿಸಿ ಕೂಡಿಸಿದರೆ ಮುಗಿಯಿತು. ಹನೋಯಿ ಗೋಪುರವೆಂಬ ಆಟವನ್ನು 1883ರಲ್ಲಿ ಜಗತ್ತಿಗೆ ಕೊಟ್ಟವರೂ ಇದೇ ಲ್ಯೂಕಾ. ಆ ಆಟದಲ್ಲಿ ಬಿಲ್ಲೆಗಳನ್ನೆಲ್ಲ ಸಾಗಿಸಲು ಬೇಕಾದ ನಡೆಗಳ ಎಣಿಕೆಯೂ 2ರ ಘಾತಕ್ಕಿಂತ 1 ಕಡಿಮೆ.

ಈ ವಿಧಾನದ ಬಲ ಹೆಚ್ಚು ಎದ್ದು ಕಾಣುವುದು ಉತ್ತರ 'ಅಲ್ಲ' ಎಂದು ಬಂದಾಗ. ಮರ್ಸೆನ್ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯವಲ್ಲ ಎಂದೂ ಲ್ಯೂಕಾ 1876ರಲ್ಲೇ ಹೇಳಿದ್ದರು. ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಅವರಿಗೂ ಗೊತ್ತಿರಲಿಲ್ಲ, ಬೇರೆ ಯಾರಿಗೂ ಗೊತ್ತಿರಲಿಲ್ಲ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಉತ್ತರ ಕೊಟ್ಟರು: 193707721 × 761838257287. ಇಪ್ಪತ್ತೇಳು ವರ್ಷ ಆ ಸಂಖ್ಯೆ ಒಡೆಯುತ್ತದೆಂದು ಲೋಕಕ್ಕೆ ತಿಳಿದಿತ್ತು, ಹೇಗೆ ಒಡೆಯುತ್ತದೆಂದು ತಿಳಿದಿರಲಿಲ್ಲ. ಇಂದಿಗೂ ಅಂಥ ಸಂಖ್ಯೆಗಳಿವೆ. 385 ಅಂಕೆಗಳ 2¹²⁷⁷ − 1 ಅವಿಭಾಜ್ಯವಲ್ಲವೆಂದು ಖಚಿತ. ಅದರ ಒಂದು ಭಾಜಕವನ್ನೂ ಈವರೆಗೆ ಯಾರೂ ಕಂಡಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದೂ ಅದನ್ನು ಒಡೆಯುವುದೂ ಒಂದೇ ಕೆಲಸವೆಂದು ಶಾಲೆಯ ಭಾಗಾಕಾರ ನಮ್ಮನ್ನು ನಂಬಿಸುತ್ತದೆ. ಅವೆರಡೂ ಬೇರೆ ಬೇರೆ, ಒಂದು ಸುಲಭ, ಇನ್ನೊಂದು ಬಹಳ ಕಷ್ಟ. ನಾವು ಬ್ಯಾಂಕಿನ ಹಣ ಕಳಿಸುವಾಗ ಕಾವಲಿರುವ ಆರ್‌ಎಸ್‌ಎ ಎಂಬ ಗುಪ್ತಲಿಪಿ, 1977ರಲ್ಲಿ ರೂಪುಗೊಂಡದ್ದು, ನಿಂತಿರುವುದು ಈ ಅಂತರದ ಮೇಲೆಯೇ: ಮುನ್ನೂರು ಅಂಕೆಗಳ ಎರಡು ಅವಿಭಾಜ್ಯಗಳನ್ನು ಕ್ಷಣಮಾತ್ರದಲ್ಲಿ ಹುಡುಕಬಹುದು, ಅವುಗಳ ಗುಣಲಬ್ಧವನ್ನು ಮಾತ್ರ ಒಡೆಯಲಾಗದು.

ಇತಿಹಾಸದ ದಾಖಲೆಗಳನ್ನು ನೋಡಿದರೂ ನೆರೆಯ ಮಹತ್ವ ತಿಳಿಯುತ್ತದೆ. ಲ್ಯೂಕಾ ಅವರ ಸಂಖ್ಯೆ ಎಪ್ಪತ್ತೈದು ವರ್ಷ, 1951ರವರೆಗೆ, ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿ ಉಳಿಯಿತು. ಆ ವರ್ಷ ಫೆರಿಯೆ ಎಂಬವರು ಮೇಜಿನ ಮೇಲಿನ ಕೈಯಂತ್ರದಿಂದ 44 ಅಂಕೆಗಳ ಅವಿಭಾಜ್ಯವೊಂದನ್ನು ಸಾಧಿಸಿದರು. 2¹⁴⁸ + 1ನ್ನು 17ರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನೋಡಲು ಯಾದೃಚ್ಛಿಕ ಆಯ್ಕೆಯಂತಿದೆ. ಆದರೆ ಅದರಿಂದ 1 ಕಳೆದು ನೋಡಿ: ಉಳಿಯುವುದು 2¹⁴⁴ − 1ರ 16 ಪಟ್ಟನ್ನು 17ರಿಂದ ಭಾಗಿಸಿದಷ್ಟು. 144 ತಾನೇ ಸಾಕಷ್ಟು ಭಾಜಕಗಳುಳ್ಳದ್ದು. ಹಾಗಾಗಿ 2¹⁴⁴ − 1 ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುತ್ತದೆ. ಅದೇ 1951ರಲ್ಲಿ ಮಿಲ್ಲರ್ ಮತ್ತು ವೀಲರ್ ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕದಿಂದ 79 ಅಂಕೆಗಳಿಗೆ ಏರಿದರು. ಅವರ ಸಂಖ್ಯೆ, ಲ್ಯೂಕಾ ಅವರ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದ್ದು. ಇದರಿಂದ 1 ಕಳೆದರೆ ಉಳಿಯುವ ಅಪವರ್ತನಗಳು 2, 3, 5 ಮತ್ತು ಲ್ಯೂಕಾ ಅವರ ಅವಿಭಾಜ್ಯ, ಅಷ್ಟೇ. 1876ರಲ್ಲಿ ಸಾಬೀತಾದ ಸಂಖ್ಯೆ 1951ರಲ್ಲಿ ತಾನೇ ಸಾಕ್ಷಿಯ ಕಟ್ಟೆ ಹತ್ತಿತು. ಈಚಿನ ದಾಖಲೆಗಳೂ ಹೀಗೆಯೇ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆಹಚ್ಚಿದ ಅವಿಭಾಜ್ಯ, 2ರ 13,62,79,841ನೇ ಘಾತಕ್ಕಿಂತ 1 ಕಡಿಮೆ. ಅದಕ್ಕೆ 4,10,24,320 ಅಂಕೆಗಳು. ಪುಟಕ್ಕೆ 3000 ಅಂಕೆಯಂತೆ ಅಚ್ಚು ಹಾಕಿದರೆ ಹದಿಮೂರು ಸಾವಿರಕ್ಕೂ ಹೆಚ್ಚು ಪುಟ. ಅಷ್ಟು ದೊಡ್ಡದಾದರೂ ಅದರ ಮೇಲಿನ ನೆರೆಯ ಅಪವರ್ತನ 2 ಒಂದೇ.

ಇಷ್ಟು ಕಷ್ಟವೇಕೆ ಎಂಬ ಆಕ್ಷೇಪಕ್ಕೆ ಬರೋಣ. ಫರ್ಮಾ ಅವರ ಒಂದು ಪ್ರಮೇಯವಿದೆ: ಅವಿಭಾಜ್ಯ ಸಂಖ್ಯೆಯೊಂದನ್ನು ಹಿಡಿದು, ಅದರಿಂದ ಭಾಗವಾಗದ ಯಾವುದೇ ಸಂಖ್ಯೆಯನ್ನು ಅದಕ್ಕಿಂತ 1 ಕಡಿಮೆ ಘಾತಕ್ಕೆ ಏರಿಸಿದರೆ ಶೇಷ 1 ಬರುತ್ತದೆ. ಇದನ್ನು ಪರೀಕ್ಷಿಸಲು ನೆರೆಯನ್ನು ಒಡೆಯಬೇಕಿಲ್ಲ. ಶೇಷ 1 ಬರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ, ಅಲ್ಲಿಗೆ ಮುಗಿಯಿತು. ತೊಡಕಿರುವುದು ಶೇಷ 1 ಬಂದಾಗ. 341 ಎಂಬುದು 11 ಮತ್ತು 31ರ ಗುಣಲಬ್ಧ. ಆದರೂ 2ನ್ನು ಹಿಡಿದು ಪರೀಕ್ಷಿಸಿದರೆ ಅದು ಅವಿಭಾಜ್ಯದಂತೆಯೇ ನಡೆದುಕೊಳ್ಳುತ್ತದೆ. 3, 11, 17ರ ಗುಣಲಬ್ಧವಾದ 561 ಇನ್ನೂ ಒಂದು ಹೆಜ್ಜೆ ಮುಂದೆ: ಅದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆಯನ್ನು ಹಿಡಿದರೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇಂಥ ಕಾರ್ಮೈಕಲ್ ಸಂಖ್ಯೆಗಳು ಅನಂತವಾಗಿವೆ ಎಂದು ಆಲ್ಫರ್ಡ್, ಗ್ರಾನ್‌ವಿಲ್, ಪಾಮರನ್ಸ್ 1994ರಲ್ಲಿ ಸಾಧಿಸಿದರು. ಮಿಲ್ಲರ್–ರಾಬಿನ್ ಪರೀಕ್ಷೆ ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಯಾದೃಚ್ಛಿಕವಾಗಿ ಆರಿಸಿದ ಒಂದೊಂದು ಸಂಖ್ಯೆಯಿಂದಲೂ ಮೋಸಹೋಗುವ ಸಂಭವ ನಾಲ್ಕರಲ್ಲೊಂದಕ್ಕಿಂತ ಹೆಚ್ಚಿಲ್ಲ, ಐವತ್ತು ಸಲ ಮಾಡಿದರೆ ಆ ಸಂಭವ ಲೆಕ್ಕಕ್ಕೇ ಬಾರದು. ಗುಪ್ತಲಿಪಿಗೆ ಇಷ್ಟು ಸಾಕು, ಅಲ್ಲಿ ಇದನ್ನೇ ಬಳಸುತ್ತಾರೆ, ಬಳಸುವುದು ಸರಿಯೂ ಹೌದು. ಆದರೆ ಆ ಸಂಭಾವ್ಯತೆ ಇರುವುದು ನಮ್ಮ ಪರೀಕ್ಷೆಯಲ್ಲಿ, ಸಂಖ್ಯೆಯಲ್ಲಿ ಅಲ್ಲ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ, ಎರಡರಲ್ಲೊಂದು. ಮಿಲ್ಲರ್ ಮತ್ತು ವೀಲರ್ ಹಳೆಯ ಫಲಿತಾಂಶದ ಮೇಲೆ ಹೊಸದನ್ನು ಕಟ್ಟಲು ಸಾಧ್ಯವಾದದ್ದು ಲ್ಯೂಕಾ ಕೊಟ್ಟದ್ದು ಸಾಧನೆಯಾಗಿದ್ದರಿಂದ. ಬಲವಾದ ಅನುಮಾನವಷ್ಟೇ ಆಗಿದ್ದರೆ ಅವರ ಫಲಿತಾಂಶವೂ ಅನುಮಾನವಾಗಿಯೇ ಉಳಿಯುತ್ತಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹುಟ್ಟಿದ್ದು ಭಾರತದಲ್ಲಿ. 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಯಾವ ಸಂಖ್ಯೆಗೂ ಅದು ಸಲ್ಲುತ್ತದೆ, ನೆರೆಯನ್ನು ಒಡೆಯುವ ಅಗತ್ಯವಿಲ್ಲ, ಅದೃಷ್ಟದ ಪಾಲೂ ಇಲ್ಲ. ಬೇಕಾಗುವ ಸಮಯ ಅಂಕೆಗಳ ಎಣಿಕೆಯ ಒಂದು ನಿಶ್ಚಿತ ಘಾತವನ್ನು ಮೀರುವುದಿಲ್ಲ. ಶತಮಾನಗಳ ಪ್ರಶ್ನೆಯೊಂದಕ್ಕೆ ಸಿಕ್ಕ ನಿಜವಾದ ಉತ್ತರ ಇದು, ಇಬ್ಬರು ಆಗಷ್ಟೇ ಪದವಿ ಮುಗಿಸಿದ್ದ ವಿದ್ಯಾರ್ಥಿಗಳು ತಮ್ಮ ಗುರುವಿನೊಡನೆ ಕಂಡುಕೊಂಡದ್ದು. ತತ್ತ್ವದ ಮಟ್ಟದಲ್ಲಿ ನನ್ನ ವಾದಕ್ಕೆ ಇದು ಮಿತಿ ಹಾಕುತ್ತದೆಂದು ಒಪ್ಪಬೇಕು: ಅವಿಭಾಜ್ಯತೆಯನ್ನು ನೆರೆಯ ಸಹಾಯವಿಲ್ಲದೆ ತಿಳಿಯಲು ಸಾಧ್ಯ. ಆದರೆ ನಿಜವಾಗಿ ದೊಡ್ಡ ಸಂಖ್ಯೆಗಳ ಮುಂದೆ ಈ ಪರೀಕ್ಷೆ ತೀರ ನಿಧಾನ. ದಾಖಲೆಯ ಸಂಖ್ಯೆಗಳಿಗೆ ಯಾರೂ ಅದನ್ನು ಬಳಸುವುದಿಲ್ಲ. ವಿಶೇಷ ಆಕಾರವಿಲ್ಲದ ಸಂಖ್ಯೆಗಳಿಗೆ ಗಣಿತಜ್ಞರು ಬಳಸುವುದು ದೀರ್ಘವೃತ್ತೀಯ ವಕ್ರರೇಖೆಗಳ ವಿಧಾನವನ್ನು. ಗೋಲ್ಡ್‌ವಾಸರ್ ಮತ್ತು ಕಿಲಿಯನ್ 1986ರಲ್ಲಿ ದಾರಿ ತೋರಿದರು, ಆಟ್ಕಿನ್ ಮತ್ತು ಮೋರಾಂ ಅದನ್ನು ಬಳಕೆಗೆ ತಂದರು. ಅದರ ಒಳಗೆ ಇಣುಕಿದರೆ ಹಳೆಯ ಪರಿಚಯವೇ ಕಾಣುತ್ತದೆ. ಸಂಖ್ಯೆಯ ಕೆಳಗಿನ ನೆರೆಯೂ ಮೇಲಿನ ನೆರೆಯೂ ಒಡೆಯದಿದ್ದಾಗ, ಈ ವಕ್ರರೇಖೆಗಳು ಸಂಖ್ಯೆಯ ಆಸುಪಾಸಿನಲ್ಲಿ, ಅದರ ವರ್ಗಮೂಲದ ಇಮ್ಮಡಿಯಷ್ಟು ದೂರದೊಳಗೆ, ಬೇರೆ ಬೇರೆ ಸಂಖ್ಯೆಗಳನ್ನು ಸಾಕ್ಷಿಗೆ ಒದಗಿಸುತ್ತವೆ. ಸುಲಭವಾಗಿ ಒಡೆಯುವ ಒಂದು ಸಿಗುವವರೆಗೂ ವಕ್ರರೇಖೆಗಳನ್ನು ಬದಲಿಸುತ್ತ ಹೋಗುವುದೇ ಇಡೀ ವಿಧಾನ. ಅಂದರೆ ಇಲ್ಲಿಯೂ ನೆರೆಯನ್ನು ಕೈಬಿಟ್ಟಿಲ್ಲ, ನೆರೆಯ ವ್ಯಾಪ್ತಿಯನ್ನು ಹಿಗ್ಗಿಸಲಾಗಿದೆ. ಈ ವಿಧಾನದಿಂದ, 1 ಅಂಕೆಯನ್ನೇ 86,453 ಸಲ ಬರೆದರೆ ಬರುವ ಸಂಖ್ಯೆ ಅವಿಭಾಜ್ಯವೆಂದು 2023ರಲ್ಲಿ ಸಾಬೀತಾಯಿತು. ದೊಡ್ಡ ಸಾಧನೆ ಅದು. ಆದರೂ ಸಾಕ್ಷಿಯನ್ನು ಹುಡುಕಿಕೊಂಡು ಹೋದಾಗ ತಲುಪಿದ್ದು ಎಂಬತ್ತಾರು ಸಾವಿರ ಅಂಕೆ, ಸಾಕ್ಷಿ ಪಕ್ಕದಲ್ಲೇ ಇದ್ದಾಗ ತಲುಪಿದ್ದು ನಾಲ್ಕು ಕೋಟಿ ಅಂಕೆ.

ಈ ವಾದದಿಂದಲೇ ಹುಟ್ಟುವ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಪೂರ್ಣ ಪರಿಹಾರವಿಲ್ಲ, ಅದನ್ನು ಮುಚ್ಚಿಡುವುದೂ ಸರಿಯಲ್ಲ. ಒಳ್ಳೆಯ ನೆರೆ ಇರುವ ಅವಿಭಾಜ್ಯಗಳನ್ನಷ್ಟೇ ನಾವು ಕಾಣುತ್ತೇವೆಂದರೆ, ನಮಗೆ ತಿಳಿದಿರುವ ದೊಡ್ಡ ಅವಿಭಾಜ್ಯಗಳು ಒಟ್ಟು ಅವಿಭಾಜ್ಯಗಳ ಪ್ರತಿನಿಧಿಗಳೇ ಅಲ್ಲ. ಮೂವತ್ತೊಂಬತ್ತು ಅಂಕೆಗಳ ಸಂಖ್ಯೆಗಳಲ್ಲಿ ಹೆಚ್ಚು ಕಡಿಮೆ ತೊಂಬತ್ತಕ್ಕೆ ಒಂದು ಅವಿಭಾಜ್ಯ. 1ರ ಮುಂದೆ ಮೂವತ್ತೇಳು ಸೊನ್ನೆ ಇಟ್ಟಷ್ಟು ಅವು. ಅವುಗಳಲ್ಲಿ ಮರ್ಸೆನ್ ಅವಿಭಾಜ್ಯ ಒಂದೇ. ಎಲ್ಲ ಗಾತ್ರಗಳನ್ನೂ ಸೇರಿಸಿದರೆ 2024ರ ಸಂಖ್ಯೆ ನಮಗೆ ತಿಳಿದ ಐವತ್ತೆರಡನೆಯದು. ಅವು ಅನಂತವಾಗಿವೆಯೇ ಎಂಬುದು ಕೂಡ ಸಾಬೀತಾಗಿಲ್ಲ. ಹಾಗಾಗಿ 'ಅತಿ ದೊಡ್ಡ ಅವಿಭಾಜ್ಯ' ಎಂಬ ಸುದ್ದಿ ಬಂದಾಗಲೆಲ್ಲ ಅದು ಅವಿಭಾಜ್ಯಗಳ ಹಂಚಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಅಪರೂಪದ ಆಕಾರವೇ ಬಳಕೆಗೆ ಬರುವುದೂ ಉಂಟು. ಇಂದು ಮೊಬೈಲಿನಲ್ಲಿ ನಾವು ಕಳಿಸುವ ಸಂದೇಶಗಳನ್ನು ಮರೆಮಾಚುವ ಒಂದು ಪ್ರಸಿದ್ಧ ವಕ್ರರೇಖೆ ನಿಂತಿರುವುದು 2²⁵⁵ − 19 ಎಂಬ ಅವಿಭಾಜ್ಯದ ಮೇಲೆ. ಇನ್ನೊಂದು ಪ್ರಮಾಣಿತ ವಕ್ರರೇಖೆ 2⁵²¹ − 1ರ ಮೇಲೆ ನಿಂತಿದೆ. 2ರ ಘಾತಕ್ಕೆ ಅಂಟಿಕೊಂಡಿರುವುದರಿಂದ ಅವುಗಳ ಶೇಷ ತೆಗೆಯುವುದು ಯಂತ್ರಕ್ಕೆ ಸುಲಭ. ಲ್ಯೂಕಾ ಅವರ ಲೆಕ್ಕವನ್ನು ಹಗುರ ಮಾಡಿದ ಗುಣವೇ ಅದು.

ಯಂತ್ರ ತಪ್ಪಿದರೆ ಎಂಬ ಸಂದೇಹವೂ ನ್ಯಾಯವಾದದ್ದೇ. ಕೋಲ್ ಕೊಟ್ಟ ಎರಡು ಸಂಖ್ಯೆಗಳನ್ನು ಯಾರು ಬೇಕಾದರೂ ಗುಣಿಸಿ ತಾಳೆ ನೋಡಬಹುದು. ಹದಿಮೂರು ಕೋಟಿ ಹೆಜ್ಜೆಗಳ ಕೊನೆಗೆ ಬಂದ ಸೊನ್ನೆಯನ್ನು ಹಾಗೆ ನೋಡಲಾಗದು. ನಡುವೆ ಒಂದೇ ಒಂದು ಅಂಕೆ ತಪ್ಪಿದ್ದರೂ ಫಲಿತಾಂಶ ಹಾಳು. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಗಿಂಪ್ಸ್ ಎಂಬ ಸ್ವಯಂಸೇವಕರ ಜಾಲ, 2024ರ ಸಂಖ್ಯೆಯೂ ಅದರಿಂದಲೇ ಬಂದದ್ದು, ಈ ಅಪಾಯವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಡಬ್ಲಿನ್‌ನಲ್ಲಿದ್ದ ಯಂತ್ರವೊಂದು ಅಕ್ಟೋಬರ್ 11ರಂದು ಆ ಸಂಖ್ಯೆ ಅವಿಭಾಜ್ಯವಿರಬಹುದೆಂದು ಫರ್ಮಾ ಬಗೆಯ ಪರೀಕ್ಷೆಯಿಂದ ಸುಳಿವು ಕೊಟ್ಟಿತು. ಮರುದಿನ ಟೆಕ್ಸಾಸ್‌ನ ಇನ್ನೊಂದು ಯಂತ್ರ ಲ್ಯೂಕಾ–ಲೆಮರ್ ಪರೀಕ್ಷೆಯಿಂದ ದೃಢಪಡಿಸಿತು. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಮುಗಳಿಂದ ಮತ್ತೆ ಲೆಕ್ಕ ಮಾಡಿದ ಮೇಲೆಯೇ ಘೋಷಣೆ. ತಪ್ಪಿದ ಲೆಕ್ಕ ಕೊನೆಯಲ್ಲಿ ಆಕಸ್ಮಿಕವಾಗಿ ಸೊನ್ನೆಯನ್ನೇ ಕೊಡುವ ಸಂಭವ ನಾಲ್ಕು ಕೋಟಿ ಅಂಕೆಗಳ ಸಂಖ್ಯೆಯಲ್ಲಿ ಎಷ್ಟು ಕಡಿಮೆ ಎಂಬುದನ್ನೂ ನೆನಪಿಡಬೇಕು. ಸೊನ್ನೆಯ ಸಾಕ್ಷಿಗೆ ಅಷ್ಟು ತೂಕವಿದೆ.

ನೆರೆಯ ಸಾಕ್ಷಿಗೂ ಒಂದು ಎಲ್ಲೆ ಇದೆ, ಅದನ್ನು ತೋರಿಸುವುದು ಲ್ಯೂಕಾ ಅವರ ಸಂಖ್ಯೆಯೇ. 2ರಿಂದ ಹೊರಟು, ಪ್ರತಿ ಸಲವೂ ಕೈಯಲ್ಲಿರುವ ಸಂಖ್ಯೆಯನ್ನು ಘಾತಾಂಕವಾಗಿ ಮಾಡಿ ಮರ್ಸೆನ್ ಸಂಖ್ಯೆ ಬರೆಯುತ್ತ ಹೋಗಿ: 2, 3, 7, 127, ಆಮೇಲೆ 2¹²⁷ − 1. ಐದೂ ಅವಿಭಾಜ್ಯಗಳು. ಲ್ಯೂಕಾ ಅವರ ಫಲಿತಾಂಶ ಬಂದ ಕೂಡಲೇ ಬೆಲ್ಜಿಯಂನ ಯೂಜೀನ್ ಕತಲಾನ್ ಈ ಸಾಲನ್ನು ಗಮನಿಸಿದರು. ಆರನೆಯದು, 2ನ್ನು ಲ್ಯೂಕಾ ಅವರ ಸಂಖ್ಯೆಯಷ್ಟು ಸಲ ಗುಣಿಸಿ 1 ಕಳೆದದ್ದು, ಅವಿಭಾಜ್ಯವೇ? ಅದರ ಮೇಲಿನ ನೆರೆ 2ರ ಘಾತ. ಅದಕ್ಕಿಂತ ಪೂರ್ಣವಾಗಿ ಒಡೆದ ನೆರೆ ಇರಲಾರದು. ಪರೀಕ್ಷೆಯೂ ಸಿದ್ಧವಿದೆ. ಆದರೆ ಆ ಪರೀಕ್ಷೆಗೆ ಬೇಕಾದ ಹೆಜ್ಜೆಗಳು ಲ್ಯೂಕಾ ಅವರ ಸಂಖ್ಯೆಗಿಂತ ಎರಡೇ ಕಡಿಮೆ, ಅಂದರೆ ಮೂವತ್ತೊಂಬತ್ತು ಅಂಕೆಗಳಷ್ಟು. ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಬೇಕಾದ ಸಂಖ್ಯೆಗೇ 1ರ ಮುಂದೆ ಮೂವತ್ತೇಳು ಸೊನ್ನೆ ಇಟ್ಟದ್ದರ ಐದು ಪಟ್ಟು ಅಂಕೆಗಳು. ಅದನ್ನು ಬರೆದಿಡಲು ಭೂಮಿಯ ಮೇಲೆ ಜಾಗವಿಲ್ಲ. ಹೀಗಾಗಿ ಈ ಒಂದು ಸಂಖ್ಯೆಯ ಮುಂದೆ ಗಣಿತಜ್ಞರು ಮತ್ತೆ ಆಯ್ಲರ್ ಅವರ ದಾರಿಗೇ ಮರಳಿದ್ದಾರೆ. ಅದಕ್ಕೆ ಭಾಜಕವಿದ್ದರೆ ಆ ಭಾಜಕ ಲ್ಯೂಕಾ ಅವರ ಸಂಖ್ಯೆಯ ಯಾವುದೋ ಸಮಗುಣಕಕ್ಕಿಂತ 1 ಹೆಚ್ಚಿರಬೇಕು. ಅಂಥ ಒಂದೊಂದನ್ನೂ ಪರೀಕ್ಷಿಸುವುದು ಸುಲಭ, ಏಕೆಂದರೆ ಅಷ್ಟು ದೊಡ್ಡ ಸಂಖ್ಯೆಯ ಶೇಷ ತಿಳಿಯಲು 2ನ್ನು ನೂರಿಪ್ಪತ್ತೇಳು ಸಲ ವರ್ಗ ಮಾಡಿದರೆ ಸಾಕು. ಒಂದು ಭಾಜಕ ಸಿಕ್ಕರೆ ಕತಲಾನ್ ಅವರ ಸಾಲು ಐದಕ್ಕೇ ಮುಗಿಯುತ್ತದೆ. ಹುಡುಕಾಟ ನಡೆದಿದೆ, ಈವರೆಗೆ ಸಿಕ್ಕಿಲ್ಲ. ಸಿಗದೆ ಹೋದರೆ, ಅದು ಅವಿಭಾಜ್ಯವೆಂದು ಸಾಧಿಸಲು ಈಗ ತಿಳಿದಿರುವ ಯಾವ ವಿಧಾನವೂ ಸಾಲದು.